ಕೀಡಿಗೆ ಬಿಟ್ಟ ಐದು ಸಾಲು

ಹಾನಗಲ್ಲಿಗೆ ಹೊಸದಾಗಿ ಬಂದಿರುವ ಕೃಷಿ ಸಹಾಯಕಿ ಸವಿತಾ ಹೋದ ವಾರ ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದಳು. ನಾನು ಅದೇ ಕೆಲಸವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿ ನಿವೃತ್ತಳಾದವಳು ಎಂದು ಯಾರೋ ಹೇಳಿದ್ದರಂತೆ. ಕೂತ ಕೂಡಲೇ ಕೇಳಿದಳು.

"ಅಜ್ಜಿ, ಕುಲಾಂತರಿ ಬೆಳಿ ಛಲೋನೋ ಕೆಟ್ಟದ್ದೋ? ಪರೀಕ್ಷಾದಾಗ ಪರ ಐದು, ವಿರೋಧ ಐದು ಅಂತ ಬರದೇನಿ, ಪಾಸೂ ಆಗೇನಿ. ಹೊಲದಾಗ ರೈತರು ಕೇಳಿದ್ರ ಯಾವ ಐದು ಹೇಳ್ಲಿ?"

"ಮೊದಲ ಚಹಾ ಕುಡಿ," ಅಂದೆ. "ಅದು ಆರಿದ ಮ್ಯಾಲೆ ಪರನೂ ಇಲ್ಲ, ವಿರೋಧನೂ ಇಲ್ಲ."

ನಕ್ಕಳು. ನಾನೂ ನಕ್ಕೆ. ಆದರೆ ಅವಳು ಹೋದ ಮೇಲೆ ಆ ಪ್ರಶ್ನೆ ಅಡುಗೆಮನೆಯವರೆಗೂ ಹಿಂದೆ ಬಂತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಮೊಮ್ಮಗಳು ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಒಂದು ತಿಂಗಳಾಯಿತು. ಅಕ್ಷರ ಸಣ್ಣವು, ನನ್ನ ಬೆರಳು ದಪ್ಪ. ಒಂದು ಸಾಲು ಬರೆಯುವಷ್ಟರಲ್ಲಿ ಒಂದು ಸೇರು ಅಕ್ಕಿ ಹಸನು ಮಾಡಬಹುದು. ಆದರೂ ಇದರಲ್ಲೊಂದು ಸುಖವಿದೆ. ಕಚೇರಿಯಲ್ಲಿ ನಾನು ಬರೆದ ವರದಿಯನ್ನು ಸಾಹೇಬರು ತಿದ್ದುತ್ತಿದ್ದರು. ಇಲ್ಲಿ ತಿದ್ದುವವರು ಯಾರೂ ಇಲ್ಲ.

ಬಡ್ತಿಯ ಸುದ್ದಿ ಬರೆಯುವುದಿಲ್ಲ. ಒಂದೇ ಬಂತು, ತಡವಾಗಿ ಬಂತು, ಕೈ ಇರುವ ಕುರ್ಚಿ ಸಿಕ್ಕಿತು.

ನಾವು ಸವಣೂರಿನವರು. ಅಪ್ಪ ದಿನವಿಡೀ ಸಂಸ್ಕೃತ ಗ್ರಂಥ ಬಿಚ್ಚಿಕೊಂಡು ಕೂತಿರುತ್ತಿದ್ದರು, ಅಣ್ಣ ವಕೀಲನಾದ. ನಾನು ಕೃಷಿ ಡಿಪ್ಲೊಮಾ ಮಾಡಿ ಎರೆಹೊಲಕ್ಕೆ ಇಳಿದೆ. ಚಪ್ಪಲಿಗೆ ಎರೆಮಣ್ಣು ಮೆತ್ತಿಕೊಂಡು ಮನೆಗೆ ಬಂದರೆ ಅವ್ವ ಹಿತ್ತಲ ಬಾಗಿಲು ತೋರಿಸುತ್ತಿದ್ದಳು. ಸವಣೂರು, ಶಿಗ್ಗಾಂವಿ, ಹಿರೇಕೆರೂರು, ಹಾನಗಲ್ಲು, ನಾಲ್ಕೂ ತಾಲ್ಲೂಕಿನಲ್ಲಿ ತಿರುಗಿದೆ. ಹೆಂಗಸು ಹೊಲದ ಬದುವಿನ ಮೇಲೆ ಕಾಗದ ಹಿಡಿದು ನಿಂತರೆ ಆಗಿನ ಕಾಲದಲ್ಲಿ ರೈತರು ನನ್ನನ್ನು ನರ್ಸು ಎಂದು ತಿಳಿದು ಮಕ್ಕಳ ಕೆಮ್ಮಿಗೆ ಔಷಧ ಕೇಳುತ್ತಿದ್ದರು. ಆಮೇಲೆ ಅಮ್ಮಾವ್ರು ಅಂದ ಹಾಗೆ ಗೌರವಕ್ಕೆ 'ಬಾಯಾರು' ಎಂಬ ಹೆಸರು ಬಿತ್ತು. ಕೊನೆಯವರೆಗೂ ಅದೇ ಉಳಿಯಿತು.

ಸವಿತಾಳಂಥವರಿಗೆ ಮೊದಲು ಗೊತ್ತಾಗಬೇಕಾದದ್ದು ಹಳೆಯ ದಿನಗಳ ವಾಸನೆ. ಹತ್ತಿಗೆ ಕಾಯಿಕೊರಕ ಕೀಡಿ ಬೀಳುತ್ತಿತ್ತು. ಅದಕ್ಕೆ ಔಷಧ ಸಿಂಪಡಿಸುವುದನ್ನು ನಮ್ಮ ಕಡೆ ಎಣ್ಣೆ ಹೊಡೆಯುವುದು ಎನ್ನುತ್ತಾರೆ. ಭಾದ್ರಪದ, ಆಶ್ವೀಜ ಬಂದರೆ ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಇಳಿಯುತ್ತಲೇ ಗಾಳಿಯಲ್ಲಿ ಆ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ವಾರಕ್ಕೊಮ್ಮೆ ಹೊಡೆಯುತ್ತಿದ್ದವರು ನಾಲ್ಕು ದಿನಕ್ಕೊಮ್ಮೆ ಹೊಡೆಯತೊಡಗಿದರು. ಒಂದು ಔಷಧಕ್ಕೆ ಕೀಡಿ ಸಾಯದಿದ್ದರೆ ಎರಡು ಕಲಸಿ ಹೊಡೆದರು. ಹೆಂಗಸರು ಸೀಮೆಎಣ್ಣೆ ಹಾಕಿದ ಡಬ್ಬಿ ಹಿಡಿದು ಗಿಡಗಿಡಕ್ಕೂ ಹೋಗಿ ಕೀಡಿ ಆರಿಸಿ ಹಾಕುತ್ತಿದ್ದರು. ಯಾವ ಔಷಧ, ಎಷ್ಟು ಎಂದು ಚೀಟಿ ಬರೆದುಕೊಡುವವಳು ನಾನು.

ಹತ್ತಿಮತ್ತೂರಿನ ಫಕ್ಕೀರಪ್ಪನಿಗೂ ಹಾಗೇ ಒಂದು ಚೀಟಿ ಬರೆದುಕೊಟ್ಟಿದ್ದೆ. ಎರಡು ಔಷಧ ಬರೆದು, ಎರಡರ ನಡುವೆ ಒಂದು ಗೆರೆ ಎಳೆದೆ. ಒಂದು ಮುಗಿದ ಮೇಲೆ ಇನ್ನೊಂದು ಎಂಬುದು ನನ್ನ ಲೆಕ್ಕ. ಬಾಯಿಬಿಟ್ಟು ಹೇಳಲಿಲ್ಲ, ಬಸ್ಸಿನ ಗಡಿಬಿಡಿ. ಅವನು ಎರಡನ್ನೂ ಒಂದೇ ಪಂಪಿಗೆ ಹಾಕಿ, ಬರಿ ಮೈಯಲ್ಲಿ, ಗಾಳಿಗೆ ಎದುರಾಗಿ ಹೊಡೆದ. ಮಧ್ಯಾಹ್ನ ಸಾಲಿನ ನಡುವೆ ಬಿದ್ದಿದ್ದ. ಟೆಂಪೋದಲ್ಲಿ ಸವಣೂರಿನ ದವಾಖಾನೆಗೆ ತಂದರು. ಜೀವ ಉಳಿಯಿತು. ಕೈ ಮಾತ್ರ ಅಂದಿನಿಂದ ನಡುಗತೊಡಗಿದವು, ಮತ್ತೆ ನಿಲ್ಲಲಿಲ್ಲ. ಚಹಾದ ಬಸಿಯನ್ನು ಹೆಂಡತಿ ಹಿಡಿಯಬೇಕು, ಅವನು ಕುಡಿಯಬೇಕು.

ಆ ಹೆಂಡತಿಯೇ ನೀಲವ್ವ. ಅಂದಿನಿಂದ ಹೊಲ, ಎತ್ತು, ಸಂತೆ, ಎಲ್ಲ ಅವಳ ತಲೆಯ ಮೇಲೆ ಬಂತು. ದವಾಖಾನೆಯ ಜಗಲಿಯ ಮೇಲೆ ನಾನು ಅವಳ ಪಕ್ಕ ಕೂತಿದ್ದೆ. ಚೀಟಿಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಕೇಳಿದ್ದು ಒಂದೇ, ಎಣ್ಣೆ ಹೊಡೆಯದೆ ಹತ್ತಿ ಬೆಳೆಯುವ ದಾರಿ ಇದೆಯೇ ಎಂದು. ಇಲ್ಲ ಎಂದೆ.

ಮೂರು ವರ್ಷದ ಮೇಲೆ ಆ ದಾರಿ ಡಬ್ಬಿಯಲ್ಲಿ ಬಂತು.

ಬಿಟಿ ಹತ್ತಿ. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯ ಗುಣವನ್ನು ತೆಗೆದು ಬೀಜದೊಳಗೆ ಇಟ್ಟಿದ್ದಾರೆ, ಗಿಡ ತಿಂದ ಕೀಡಿ ಸಾಯುತ್ತದೆ ಎಂದು ನಮಗೆ ತರಬೇತಿ ಕೊಟ್ಟರು. ಅಣ್ಣ ಪೇಪರು ಓದಿ ಸಿಟ್ಟಾದ. ದೇವರ ಸೃಷ್ಟಿಯಲ್ಲಿ ಕೈ ಹಾಕಬಾರದು, ಇಂದು ಕೀಡಿ ಸತ್ತರೆ ನಾಳೆ ನಾವು ಸಾಯುತ್ತೇವೆ ಎಂದು ಊಟದ ಎಲೆಯ ಮುಂದೆ ವಾದ ಹೂಡಿದ. ಅವನಿಗೆ ಸಕ್ಕರೆ ಕಾಯಿಲೆ, ದಿನಾ ಮುಂಜಾನೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದ. "ಅಣ್ಣಾ, ನಿನ್ನ ಸೂಜಿ ಔಷಧನೂ ಇದ ವಿದ್ಯಾದಾಗ ಮಾಡಿದ್ದು. ನಾಳಿಂದ ಬಿಡ್ತೀ ಏನು?" ಎಂದೆ. ಅವನು ಮಜ್ಜಿಗೆ ಅನ್ನ ಅರ್ಧಕ್ಕೇ ಬಿಟ್ಟು ಎದ್ದ. ಗೆದ್ದೆ ಎಂದುಕೊಂಡೆ. ವಕೀಲನನ್ನು ಸೋಲಿಸಿದ ಸೊಕ್ಕು ನನಗೆ ಬಹಳ ದಿನ ಇತ್ತು.

ಸೊಕ್ಕು ಸ್ವಲ್ಪ ಇಳಿದದ್ದು ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಲ್ಲಿ. ಅಲ್ಲಿ ಕಂಪನಿಗಳಿಗಾಗಿ ಹತ್ತಿ ಬೀಜವನ್ನೇ ಬೆಳೆಯುತ್ತಾರೆ. ಹೆಂಗಸರು ಸಂಜೆ ಮೊಗ್ಗಿನ ಗಂಡು ಭಾಗವನ್ನು ಹೆಬ್ಬೆರಳಿನ ಉಗುರಿನಿಂದ ಚಿವುಟಿ ತೆಗೆಯುತ್ತಾರೆ, ಮುಂಜಾನೆ ಬೇರೆ ಜಾತಿಯ ಹೂ ತಂದು ಅದಕ್ಕೆ ತಾಗಿಸುತ್ತಾರೆ. ಒಂದೊಂದು ಹೂವಿಗೂ ಹೀಗೇ. ಆ ಕೆಲಸಕ್ಕೆಂದೇ ಅವರು ಹೆಬ್ಬೆರಳಿನ ಉಗುರು ಬೆಳೆಸಿರುತ್ತಿದ್ದರು. ಆ ಹೊಲದ ಮುದುಕನೊಬ್ಬ ನನಗೆ ಹೇಳಿದ ಮಾತು ಪುಸ್ತಕದ ವಿರೋಧ ಐದರಲ್ಲಿ ಹೇಗೆ ಬರೆಯುತ್ತಾರೋ ತಿಳಿಯದು. "ಬೀಜ ಹುಟ್ಟಸಾವ್ರು ನಾವು. ನಮ್ಮ ಹೊಲಕ್ಕ ಬೇಕಂದ್ರ ಅಂಗಡಿಗೆ ಹೋಗಿ ತರಬೇಕು. ಒಂದು ಬೊಗಸಿ ಇಟ್ಕೊಳಂಗಿಲ್ರಿ, ಇಟ್ಕೊಂಡ್ರೂ ಮುಂದಿನ ವರ್ಷ ಅದು ಹಂಗ ಬೆಳಿಯಂಗಿಲ್ಲ. ಇದು ಎಂಥಾ ಬಾಣಂತನ್ರಿ ಬಾಯಾರ?"

 ಕಚೇರಿಯ ವಹಿಯಲ್ಲಿ 'ರೈತರು ತೃಪ್ತರಾಗಿದ್ದಾರೆ' ಎಂದು ಬರೆದೆ. ಹಾಗೆ ಬರೆಯುವುದು ರೂಢಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಿಟಿ ಬೀಜದ ಡಬ್ಬಿಯೊಳಗೆ ಇನ್ನೊಂದು ಸಣ್ಣ ಪಾಕೀಟು ಇರುತ್ತಿತ್ತು. ಅದರಲ್ಲಿ ಬಿಟಿ ಅಲ್ಲದ ಹತ್ತಿ ಬೀಜ. ಅದನ್ನು ಹೊಲದ ಸುತ್ತ ಐದು ಸಾಲು ಬಿತ್ತಬೇಕೆಂದು ನಿಯಮ. ಕಾರಣ ಸರಳ. ಬಿಟಿ ಗಿಡ ತಿಂದ ಕೀಡಿ ಸಾಯುತ್ತದೆ, ಅಪರೂಪಕ್ಕೊಂದು ಹೇಗೋ ಬದುಕುತ್ತದೆ. ಬದುಕಿದ ಎರಡು ಗಟ್ಟಿ ಕೀಡಿ ಪತಂಗವಾಗಿ ಒಂದಕ್ಕೊಂದು ಕೂಡಿದರೆ ಮರಿಗಳೆಲ್ಲ ಗಟ್ಟಿ, ಆಮೇಲೆ ಬೀಜ ಕೆಲಸಕ್ಕೆ ಬಾರದು. ಅದಕ್ಕೆ ಸುತ್ತಲ ಐದು ಸಾಲಿನಲ್ಲಿ ಸಾದಾ ಕೀಡಿ ಬೆಳೆಯಲು ಬಿಡಬೇಕು. ಗಟ್ಟಿ ಕೀಡಿ ಸಾದಾ ಕೀಡಿಯನ್ನು ಕೂಡಿದರೆ ಮರಿ ಮತ್ತೆ ಸಾದಾ. ಬೀಜ ಬಹಳ ವರ್ಷ ಬಾಳುತ್ತದೆ.

ಇದನ್ನು ರೈತರಿಗೆ ಹೇಳಿ ನೋಡಿ. ಕೀಡಿ ಬೇಡ ಎಂದು ದುಡ್ಡು ಕೊಟ್ಟು ಬೀಜ ತಂದವರಿಗೆ, ಐದು ಸಾಲು ಕೀಡಿಗೆ ಬಿಡಿ ಎನ್ನುವುದು. ಅಂಗಡಿಯ ಮುಂದೆಯೇ ಪಾಕೀಟು ಎಸೆದು ಹೋಗುತ್ತಿದ್ದರು. ಕೆಲವರು ಮೊಳಕೆ ಬಾರದ ಕಡೆ ತುಂಬಲು ಬಳಸುತ್ತಿದ್ದರು. ನಾನು ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಶೀಗಿ ಹುಣ್ಣಿಮೆಯ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಕಡುಬು, ರೊಟ್ಟಿ, ಪಲ್ಯ ಎಲ್ಲ ಕಲಸಿ ಹೊಲದ ಸುತ್ತ ಎಸೆದು ಆಮೇಲೆ ತಾವು ಉಣ್ಣುತ್ತಾರೆ. ಶಿಗ್ಗಾಂವಿ ಬದಿಯ ಒಂದು ಊರಿನ ಸಭೆಯಲ್ಲಿ ಪಾಕೀಟು ಎತ್ತಿ ಹಿಡಿದು, ಇದು ಕೀಡಿಯ ಪಾಲು, ಇದು ಕೀಡಿಗೆ ಚರಗ ಎಂದೆ. ಜನ ತಲೆದೂಗಿದರು. ಎಷ್ಟು ಚೆನ್ನಾಗಿ ಹೇಳಿದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಖುಷಿಪಟ್ಟೆ.

ಶೀಗಿ ಹುಣ್ಣಿಮೆಗೆ ಅದೇ ಊರಿನ ಹಿರಿಯರೊಬ್ಬರು ಊಟಕ್ಕೆ ಕರೆದರು. ಹೊಲದಲ್ಲಿ ಕಂಬಳಿ ಹಾಸಿದ್ದರು. ಪೂಜೆ ಮುಗಿಯಿತು, ಬುಟ್ಟಿ ಹೊತ್ತು ಚರಗ ಚೆಲ್ಲಲು ಹೊರಟರು. ಬುಟ್ಟಿಯ ಮೇಲೆ ನನ್ನ ಪಾಕೀಟು ಇತ್ತು. ಬಿತ್ತನೆ ಕಾಲದಿಂದ ನಾಲ್ಕು ತಿಂಗಳು ಅದನ್ನು ದೇವರ ಜಗಲಿಯ ಮೇಲೆ ಇಟ್ಟು, ಕುಂಕುಮ ಹಚ್ಚಿ, ಈಗ ಹರಿದು ಕಡುಬಿನ ಜೊತೆ ಕಲಸಿ ಹೊಲದ ಸುತ್ತ ಎಸೆಯುತ್ತಿದ್ದರು. ಬೀಜಕ್ಕೆ ವಿಷ ಲೇಪಿಸಿರುತ್ತಾರೆ. ಎತ್ತು ತಿಂದರೆ ಗತಿ ಏನು? ಸೀರೆ ಎತ್ತಿ ಕಟ್ಟಿಕೊಂಡು ಅವರ ಹಿಂದೆ ಓಡಿ ಬಣ್ಣದ ಬೀಜ ಆರಿಸಿದೆ. ಆ ಹಿರಿಯರಿಗೆ ಬಹಳ ನೋವಾಯಿತು. ಅವರಂತೆಯೇ ಆ ಊರಿನಲ್ಲಿ ಹನ್ನೊಂದು ಮನೆಯವರು ಮಾಡಿದ್ದರು. ನನ್ನ ಮಾತನ್ನು ಗೌರವಿಸಿದವರು ಆ ಹನ್ನೊಂದು ಮನೆಯವರೇ. ಉಳಿದವರು ಪಾಕೀಟು ಎಸೆದಿದ್ದರು.

ಸವಿತಾ, ಇದನ್ನು ಓದಿ ನಗು. ನಾನೂ ನಕ್ಕಿದ್ದೇನೆ. ಆದರೆ ತಪ್ಪು ಅವರದಲ್ಲ. ಯಾವಾಗ, ಎಲ್ಲಿ, ಎಷ್ಟು ಎಂದು ನಾನು ಹೇಳಿರಲಿಲ್ಲ. ಫಕ್ಕೀರಪ್ಪನ ಚೀಟಿಯಲ್ಲೂ ಅದೇ ಆಗಿತ್ತು.

ನಾನು ತಿರುಗಿದ ಊರುಗಳಲ್ಲಿ ಆ ಪಾಕೀಟನ್ನು ಸರಿಯಾಗಿ ಬಿತ್ತಿದವಳು ನೀಲವ್ವ ಒಬ್ಬಳೇ. ಅವಳು ಸುಮ್ಮನೆ ತಲೆದೂಗುವವಳಲ್ಲ. ಯಾವ ದಿಕ್ಕಿಗೆ, ಎಷ್ಟು ಅಂತರ, ಆ ಸಾಲಿಗೆ ಎಣ್ಣೆ ಹೊಡೆಯಬಹುದೋ ಬಾರದೋ, ಪಕ್ಕದವರು ಬಿತ್ತದಿದ್ದರೆ ಏನು, ಎಲ್ಲ ಕೇಳಿದಳು. ಕೊನೆಯ ಪ್ರಶ್ನೆಗೆ ನಾನು ಸ್ವಲ್ಪ ತಡವರಿಸಿ, ಒಬ್ಬರು ಶುರು ಮಾಡಿದರೆ ಉಳಿದವರು ನೋಡಿ ಕಲಿಯುತ್ತಾರೆ ಎಂದೆ.

ಮೊದಲ ವರ್ಷ ಅವಳ ಹೊಲದಲ್ಲಿ ಹತ್ತಿ ಅರಳಿದಾಗ ಹೋಗಿದ್ದೆ. ಪಂಪನ್ನು ಅಟ್ಟಕ್ಕೆ ಎತ್ತಿ ಇಟ್ಟಿದ್ದಳು. ಫಕ್ಕೀರಪ್ಪ ಬದುವಿನ ಮೇಲೆ ಬಿಸಿಲಿಗೆ ಕೂತಿದ್ದ, ಕೈಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ನಡುಗುತ್ತಿದ್ದವು. ಸುತ್ತಲ ಐದು ಸಾಲಿನಲ್ಲಿ ಕಾಯಿಗಳಿಗೆ ತೂತು ಬಿದ್ದಿತ್ತು, ಒಳಗಿನ ಹೊಲ ಬೆಳ್ಳಗಿತ್ತು.

"ಈ ಬೀಜ ಬಾಳ ದಿನ ಬಾಳಬೇಕ್ರಿ ಬಾಯಾರ," ಎಂದಳು. "ಇವರಂತೂ ಹೋದಂಗಾತು. ನನ್ನ ಮಗ ಬೆಳಿಯಾಕತ್ತಾನ. ಅವನ ಬೆನ್ನಿಗೆ ಆ ಪಂಪು ಏರಬಾರದು. ಐದು ಸಾಲು ಏನು, ಹತ್ತು ಸಾಲು ಬಿಡಂದ್ರೂ ಬಿಡ್ತೇನಿ."

ಪರ ಐದು ವಿರೋಧ ಐದು ಎಂದು ಬರೆಯುವವರು ಆ ದಿನ ಆ ಬದುವಿನ ಮೇಲೆ ಇರಬೇಕಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ, ಮನೆಯೊಳಗೆ ಆ ವಿಷ ಮತ್ತೆ ಬಾರದಿರುವುದು.

ಮೂರನೆಯ ವರ್ಷ ಜಗಳ ಶುರುವಾಯಿತು. ನೀಲವ್ವನ ಹೊಲಕ್ಕೆ ಹೊಂದಿ ಅವಳ ಮೈದುನ ಬಸವಣ್ಣೆಪ್ಪನ ಹೊಲ. ಅವನು ಆ ವರ್ಷ ಹತ್ತಿ ಬಿಟ್ಟು ಮೆಣಸಿನಕಾಯಿ ಹಚ್ಚಿದ್ದ. ಹತ್ತಿಯ ಕಾಯಿಕೊರಕ ಮೆಣಸಿನಕಾಯಿಯನ್ನೂ ಬಿಡುವುದಿಲ್ಲ. ಅವನ ಗಿಡದಲ್ಲಿ ತೂತು ಬಿದ್ದ ಕಾಯಿ ಕಂಡವು. ಅತ್ತಿಗೆ ಬೇಕೆಂದೇ ಕೀಡಿ ಸಾಕಿ ತನ್ನ ಹೊಲಕ್ಕೆ ಬಿಡುತ್ತಿದ್ದಾಳೆ ಎಂದು ಊರಲ್ಲಿ ಸಾರಿದ. ಗಂಡನ ಕಾಯಿಲೆಯ ಸಿಟ್ಟನ್ನು ಮೈದುನನ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ ಎಂಬ ಮಾತೂ ಸೇರಿತು. ಕೆಲವರು ಅವಳ ಹೊಲಕ್ಕೆ ಕೂಲಿಗೆ ಹೋಗುವುದನ್ನು ಬಿಟ್ಟರು. ಅವಳು ಸಾಲು ಕೀಳಲಿಲ್ಲ. ಬಾಯಾರು ಬಂದು ಹೇಳಲಿ ಎಂದಳು.

ಬಸವಣ್ಣೆಪ್ಪ ಹೇಳಿದ್ದರಲ್ಲಿ ಸತ್ಯವೂ ಇತ್ತು. ಕೀಡಿ ಬದುವಿನ ಗೆರೆ ನೋಡಿ ನಿಲ್ಲುವುದಿಲ್ಲ.

ಊರವರು ನನ್ನನ್ನು ಕರೆದರು. ಹೊರಡುವ ಮುನ್ನ ನಮ್ಮ ಸಾಹೇಬರು ಒಳಗೆ ಕರೆದರು. ಕೆಟ್ಟವರಲ್ಲ. ಮೇಜಿನ ಡ್ರಾಯರಿನಲ್ಲಿ ಹುರಿದ ಶೇಂಗಾ ಇಟ್ಟುಕೊಂಡು ಬಂದವರಿಗೆಲ್ಲ ಕೊಡುತ್ತಿದ್ದರು, ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಯಾವುದಕ್ಕೂ ಹೌದು ಎಂದೂ ಅನ್ನುತ್ತಿರಲಿಲ್ಲ.

"ಬಾಯಾರ, ಮುಂದಿನ ವಾರ ಆ ಊರಾಗ ಬೆಳಿ ತೋರಸೂ ಕ್ಷೇತ್ರೋತ್ಸವ ಐತಿ. ದೊಡ್ಡ ಸಾಹೇಬ್ರು ಬರ್ತಾರ. ಊರು ಎರಡು ಪಾರ್ಟಿ ಆಗಬಾರದು. ಹೆಂಗರ ಮಾಡಿ ಮುಗಿಸಿ ಬರ್ರಿ," ಎಂದು ನನ್ನ ಕೈಗೂ ಶೇಂಗಾ ಹಾಕಿದರು.

ಗುಡಿಯ ಕಟ್ಟೆಯ ಮೇಲೆ ಗಂಡಸರು, ಕೆಳಗೆ ಹುಣಸೆಮರದ ಬುಡದಲ್ಲಿ ನಾಲ್ಕೈದು ಹೆಂಗಸರು. ನೀಲವ್ವ ನಿಂತಿದ್ದಳು. ನಾನು ಬಂದದ್ದು ನೋಡಿ ಅವಳ ಮುಖ ಸಡಿಲಾಯಿತು. ತನ್ನ ಪರವಾಗಿ ಮಾತಾಡುವವರು ಬಂದರು ಎಂದುಕೊಂಡಳು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಹೇಳಬೇಕಾದದ್ದು ನನಗೆ ಗೊತ್ತಿತ್ತು. ಇದು ಡಬ್ಬಿಯ ಮೇಲೇ ಬರೆದ ನಿಯಮ, ತಪ್ಪು ಮಾಡಿದವರು ಬಿತ್ತದ ನೀವೆಲ್ಲ, ಎಲ್ಲರೂ ಬಿತ್ತಿದರೆ ಮಾತ್ರ ಬೀಜ ಉಳಿಯುತ್ತದೆ, ಮೆಣಸಿನಕಾಯಿಗೆ ಬೇರೆ ಉಪಾಯ ಮಾಡೋಣ ಎನ್ನಬೇಕಿತ್ತು. ಕಟ್ಟೆಯ ಮೇಲಿನ ಐವತ್ತು ಮುಖ ನೋಡಿದೆ. ಮುಂದಿನ ವಾರದ ಶಾಮಿಯಾನ ನೆನಪಾಯಿತು.

"ನೋಡ್ರಿ, ಒಬ್ರು ಐದು ಸಾಲು ಬಿಟ್ರ ಊರ ಕೀಡಿಗೆ ಏನೂ ಫರಕ ಬೀಳೂದಿಲ್ಲ," ಎಂದೆ. "ನೀಲವ್ವ, ಈ ವರ್ಷ ತಗದುಬಿಡವಾ. ಜಗಳ ಬ್ಯಾಡ."

ಅದು ಸುಳ್ಳಲ್ಲ. ಒಬ್ಬಳ ಐದು ಸಾಲಿನಿಂದ ನಿಜವಾಗಿಯೂ ಏನೂ ಆಗುತ್ತಿರಲಿಲ್ಲ. ಸುಳ್ಳಾಗಿದ್ದರೆ ಮರೆತುಬಿಡುತ್ತಿದ್ದೆನೇನೋ.

ನೀಲವ್ವ ನನ್ನ ಕಡೆ ತಿರುಗಿದಳು. "ನೀವು ಹೇಳಿದ್ರಿ, ಹಾಕಿದೆ. ನೀವ ಹೇಳಿದ್ರಿ, ಕೀಳ್ತೇನಿ," ಎಂದಳು. ಸೆರಗು ಬಿಗಿದುಕೊಂಡು ಹೊಲದ ಕಡೆ ನಡೆದಳು. ಕಾಯಿ ತುಂಬಿದ ಗಿಡಗಳು. ಯಾರನ್ನೂ ಕರೆಯಲಿಲ್ಲ, ಒಬ್ಬಳೇ ಎರಡು ದಿನ ಕಿತ್ತಳಂತೆ. ಕ್ಷೇತ್ರೋತ್ಸವ ಚೆನ್ನಾಗಿ ನಡೆಯಿತು. ದೊಡ್ಡ ಸಾಹೇಬರು ಊರ ಒಗ್ಗಟ್ಟನ್ನು ಹೊಗಳಿದರು.

ಮುಂದಿನ ವರ್ಷದಿಂದ ನಾಲ್ಕೂ ತಾಲ್ಲೂಕಿನಲ್ಲಿ ನಾನು ಪಾಕೀಟಿನ ಮಾತು ಎತ್ತುವುದನ್ನು ಬಿಟ್ಟೆ. ಕೇಳಿದವರಿಗೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಕೆಲವು ವರ್ಷ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಗುಲಾಬಿ ಕೀಡಿ ಬಂತು. ಹೊರಗಿನಿಂದ ಕಾಯಿ ಮಾವಿನ ಮಿಡಿಯಂತೆ ಗುಂಡಗೆ, ನೋಡಿದರೆ ಕಣ್ಣು ತುಂಬುತ್ತದೆ. ಒಡೆದರೆ ಒಳಗೆ ನಸುಗೆಂಪಿನ ಹುಳ, ಹತ್ತಿಯ ಜಾಗದಲ್ಲಿ ಕಂದು ಬಣ್ಣದ ಹಿಕ್ಕೆ. ಬಿಟಿ ಅದಕ್ಕೆ ನಾಟಲಿಲ್ಲ. ನಮ್ಮಲ್ಲಿ ಮಾತ್ರವಲ್ಲ, ಹತ್ತಿ ಬೆಳೆಯುವ ಕಡೆಯೆಲ್ಲ ಅದೇ ಸುದ್ದಿ. ಎಲ್ಲ ಕಡೆಯೂ ಪಾಕೀಟು ಅಂಗಡಿಯ ಮುಂದೆಯೇ ಬಿದ್ದಿದ್ದವು. ಕಾರಣ ಅದೊಂದೇ ಅಲ್ಲ ಎಂದು ತಿಳಿದವರು ಹೇಳುತ್ತಾರೆ, ಇರಬಹುದು. ರೈತರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಕೀಡಿ ಬೀಳುವುದಿಲ್ಲ ಎಂದಿದ್ದಿರಲ್ಲ ಎಂದು ಕೇಳುತ್ತಿದ್ದರು. ಮತ್ತೆ ಎಣ್ಣೆ ಶುರುವಾಯಿತು. ಮತ್ತೆ ನಾನು ಚೀಟಿ ಬರೆಯತೊಡಗಿದೆ. ಈಗ ಗೆರೆ ಎಳೆಯುತ್ತಿರಲಿಲ್ಲ, 'ಕಲಸಬೇಡಿ' ಎಂದು ದೊಡ್ಡದಾಗಿ ಬರೆಯುತ್ತಿದ್ದೆ.

ನಿವೃತ್ತಿಗೆ ಮುಂಚಿನ ವರ್ಷ ಒಂದು ಮುಂಜಾನೆ ಯಲವಿಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಹತ್ತಿಮತ್ತೂರಿನ ಹತ್ತಿರ ಕಿಟಕಿಯಿಂದ ನೀಲವ್ವನ ಹೊಲ ಕಾಣಿಸಿತು. ಸಾಲಿನ ನಡುವೆ ಒಂದು ಆಳು ಪಂಪು ಹೊತ್ತು ಎಣ್ಣೆ ಹೊಡೆಯುತ್ತಿತ್ತು. ತಲೆಗೆ, ಮೂಗಿಗೆ ಬಟ್ಟೆ ಸುತ್ತಿಕೊಂಡಿತ್ತು. ಗಂಡಸೋ ಹೆಂಗಸೋ ತಿಳಿಯಲಿಲ್ಲ. ಕಂಡಕ್ಟರು ಸ್ಟಾಪು ಕೂಗಿದ. ಇಳಿದು ನೋಡಬಹುದಿತ್ತು. ಸೀಟಿನ ಕಂಬಿ ಹಿಡಿದುಕೊಂಡು ಕೂತೇ ಇದ್ದೆ.

ಶಾಲು ಹೊದಿಸಿ ಕಳಿಸಿದರು. ಆಮೇಲೆ ನಾನು ದೊಡ್ಡ ಮನುಷ್ಯಳಾದೆ. ಕಾಲೇಜಿನಲ್ಲಿ ಕುಲಾಂತರಿ ಬೆಳೆಯ ಬಗ್ಗೆ ಚರ್ಚೆ ಇದ್ದರೆ ನನ್ನನ್ನು ಕರೆಯುತ್ತಾರೆ. ಹಿಂದೆ ಔಷಧದಿಂದ ಬಿದ್ದವರ ಕತೆ ಹೇಳಿದರೆ ಪರ ಇದ್ದವರು ಚಪ್ಪಾಳೆ ತಟ್ಟುತ್ತಾರೆ, ಚಿಕ್ಕೇರೂರಿನ ಮುದುಕನ ಮಾತು ಹೇಳಿದರೆ ವಿರೋಧ ಇದ್ದವರು ತಟ್ಟುತ್ತಾರೆ. ಎರಡೂ ಹೇಳಿ ಎರಡೂ ಕಡೆ ಚಪ್ಪಾಳೆ ತೆಗೆದುಕೊಂಡು ಬರುತ್ತೇನೆ. ಐದು ಸಾಲಿನ ಕತೆಯನ್ನು ಎಲ್ಲಿಯೂ ಹೇಳಿರಲಿಲ್ಲ.

ಸವಿತಾ ಬಂದು ಹೋದ ಮೂರನೆಯ ದಿನ ಹತ್ತಿಮತ್ತೂರಿಗೆ ಹೋದೆ.

ನೀಲವ್ವನ ಕೂದಲು ಪೂರ್ತಿ ಬೆಳ್ಳಗಾಗಿದೆ. ಫಕ್ಕೀರಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತಂತೆ, ನನಗೆ ಗೊತ್ತೇ ಇರಲಿಲ್ಲ. ಹೊಲದಲ್ಲಿ ಈಗ ಹತ್ತಿಯಿಲ್ಲ, ಊರ ತುಂಬ ಗೋವಿನಜೋಳ. ಅವಳು ಒಲೆಯ ಮುಂದೆ ಕೂತೇ, ಬರ್ರಿ ಕುಂದರ್ರಿ ಎಂದಳು, ಏನು ಬಂದಿರಿ ಎಂದು ಕೇಳಲಿಲ್ಲ. ನಾನೇ ಶುರು ಮಾಡಿದೆ. ಬಸ್ಸಿನ ಕಿಟಕಿಯಿಂದ ಕಂಡದ್ದು ಹೇಳಿ, ಅದು ಯಾರು ಎಂದು ಕೇಳಿದೆ. ಮಗ, ಎಂದಳು. ಆರಾಮಿದ್ದಾನೆ, ಹುಬ್ಬಳ್ಳಿಗೆ ಮಾಲು ಹೇರಿಕೊಂಡು ಹೋಗಿದ್ದಾನೆ. ಎಣ್ಣೆ ಹೊಡೆದ ದಿನ ರಾತ್ರಿ ಬಾಗಿಲ ಹೊರಗೆ ಮಲಗುತ್ತಿದ್ದ, ಮೈಯ ವಾಸನೆ ಮಗುವಿಗೆ ತಾಗಬಾರದೆಂದು. ಎರಡು ವರ್ಷ ಹೊಡೆದ, ಆಮೇಲೆ ಹತ್ತಿಯನ್ನೇ ಬಿಡಿಸಿದೆ ಎಂದಳು.

ಚೀಟಿಯಿಂದ ಹಿಡಿದು ಕಟ್ಟೆಯವರೆಗೆ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಅವಳು ಒಲೆಯೊಳಗಿನ ಕೊಳ್ಳಿ ಸರಿಪಡಿಸಿದಳು.

"ಬೀಜದ್ದೇನು ತಪ್ಪಿಲ್ಲ ಬಿಡ್ರಿ. ನಮ್ಮನ್ನ ಅದು ಅಷ್ಟು ವರ್ಷ ಕಾದತು, ಅದನ್ನ ಕಾಯೂ ಮಂದಿ ಇರಲಿಲ್ಲ," ಎಂದಳು. "ಆದ್ರ ಈ ಮಾತು ಇಲ್ಲಿ ಒಲಿ ಮುಂದ ಹೇಳಿದ್ರ ಏನು ಬಂತ್ರಿ? ಕಟ್ಟಿ ಮ್ಯಾಲೆ ಹೇಳಿದ್ರಿ. ಕಟ್ಟಿ ಮ್ಯಾಲೇ ಹೇಳಬೇಕ್ರಿ."

ಹೋದೆವು. ಮಧ್ಯಾಹ್ನದ ಹೊತ್ತು. ಹುಣಸೆಮರ ಕಡಿದಿದ್ದಾರೆ. ಕಟ್ಟೆಗೆ ಟೈಲ್ಸು ಹಾಕಿದ್ದಾರೆ. ಆ ಕಾಲದವರಲ್ಲಿ ಉಳಿದಿದ್ದವನು ಬಸವಣ್ಣೆಪ್ಪ ಒಬ್ಬನೇ, ಕೋಲಿನ ಮೇಲೆ ಗದ್ದ ಊರಿ ಕೂತಿದ್ದ. ಉಳಿದ ಏಳೆಂಟು ಜನ ಹೊಸಬರು, ಆಗ ಹುಟ್ಟಿದ್ದರೋ ಇಲ್ಲವೋ. ಅವರ ಮುಂದೆ ನಿಂತು ಹೇಳಿದೆ. ಆ ವರ್ಷ ನೀಲವ್ವನದು ಸರಿ ಇತ್ತು, ಅವಳು ಮಾಡಿದ್ದು ಎಲ್ಲರೂ ಮಾಡಬೇಕಾದ ಕೆಲಸ, ನನಗೆ ಗೊತ್ತಿದ್ದೂ ಜಗಳಕ್ಕೆ ಹೆದರಿ ಅವಳನ್ನು ತಪ್ಪಿತಸ್ಥಳನ್ನಾಗಿ ಮಾಡಿದೆ ಎಂದೆ.  ಹುಡುಗರು ಗೌರವದಿಂದಲೇ ಕೇಳಿದರು. ಒಬ್ಬ ಮಾತ್ರ, ಇದು ಬೆಳೆ ವಿಮೆಯ ವಿಚಾರವೇ, ಯಾವ ಕಾಗದ ತರಬೇಕು ಎಂದು ವಿಚಾರಿಸಿದ.

ಬಸವಣ್ಣೆಪ್ಪ ಕೋಲಿನಿಂದ ಗದ್ದ ಎತ್ತಿದ.

"ಬಾಯಾರ, ಆ ವರ್ಷ ನನ್ನ ಮೆಣಸಿನಕಾಯಿ ಏನಾತು ಗೊತ್ತೈತೇನ್ರಿ?"

ಗೊತ್ತಿಲ್ಲ ಎಂದೆ.

"ಪೂರಾ ಹೋತು. ನೀಲವ್ವ ವೈನಿ ಗಿಡ ಕಿತ್ತ ಬದುವಿಗೆ ಒಗದ್ಲು. ಕೀಡಿ ಎಲ್ಲಿ ಹೋಗ್ಬೇಕ್ರಿ? ತಿನ್ನಾಕ ಇದ್ದದ್ದು ನನ್ನ ಹೊಲ ಒಂದ. ಮೂರ ದಿನದಾಗ ಒಂದು ಕಾಯಿ ಉಳೀಲಿಲ್ಲ. ನಾನ ಕೀಳಸಿದ್ದು, ಯಾರ ಮುಂದ ಹೇಳ್ಲಿ? ರೋಗ ಬಂತಂತ ಹೇಳಿ ಗಿಡ ಸುಟ್ಟೆ."

 ಹುಳ ತುಂಬಿದ ಗಿಡ ಕಿತ್ತು ಬದುವಿಗೆ ಹಾಕಿದರೆ ಹುಳ ಪಕ್ಕದ ಹಸಿರಿಗೆ ಹರಿದು ಹೋಗುತ್ತದೆ. ಇದು ಡಿಪ್ಲೊಮಾದ ಮೊದಲ ವರ್ಷದ ಪಾಠ. ಕೀಳು ಎಂದವಳು ನಾನು, ಕಿತ್ತು ಸುಡು ಎನ್ನಲಿಲ್ಲ. ಆ ಕಟ್ಟೆಯ ಮೇಲೆ ಅದನ್ನು ಓದಿದ್ದವಳು ನಾನೊಬ್ಬಳೇ.

ನೀಲವ್ವನ ಕಡೆ ತಿರುಗಿದೆ. ಅವಳು ಮೊದಲಿನ ಹಾಗೆಯೇ ಕಟ್ಟೆಯ ಕೆಳಗೆ ನಿಂತಿದ್ದಳು.

"ನಾನು ನೋಡೇನಿ," ಎಂದಳು ಮೈದುನನಿಗೆ. "ಗಿಡ ಬಾಡಿದ್ದ ತಡ, ಕೀಡಿ ಸಾಲು ಹಿಡಿದು ನಿನ್ನ ಹೊಲಕ್ಕ ಹೊಂಟಿದ್ವು. ಬದುವಿನ ಮ್ಯಾಲೆ ಕುಂತು ಹೊತ್ತು ಮುಳುಗೂತನ ನೋಡಿದೆ. ಕೂಗಿ ಹೇಳಬೇಕಂತ ಬಾಯಿಗೆ ಬಂದಿತ್ತು. ಹೇಳಲಿಲ್ಲ."

 ಬಸವಣ್ಣೆಪ್ಪ ಕೋಲು ಈ ಕಡೆ ತೆಗೆದುಕೊಂಡು, ಕಟ್ಟೆಯ ಮೇಲೆ ಪಕ್ಕಕ್ಕೆ ಸರಿದ.

"ಕುಂದರು ಬಾ ವೈನಿ," ಎಂದ.

ಅವಳು ಕೂರಲಿಲ್ಲ. ನನ್ನ ಬಸ್ಸಿಗೆ ಹೊತ್ತಾಯಿತೆಂದು ಹೇಳಿ, ನನ್ನ ಚೀಲ ತಾನೇ ಎತ್ತಿಕೊಂಡು, ಮುಂದೆ ನಡೆದಳು.